ಮಾಳಿಗೆಯ ಮಣ್ಣು ಇಳಿಸಿದ್ದು

ಮಣ್ಣಿನ ಮಾಳಿಗೆ, ಅಂದರೆ ಮಣ್ಣು ಹಾಸಿದ ಸಪಾಟು ಚಾವಣಿ, ಸೋರಿದರೆ ನಮ್ಮ ಕಡೆ ಎಲ್ಲರೂ ಹೇಳುವ ಮದ್ದು ಒಂದೇ. ಸೋರುವ ಜಾಗದ ಮೇಲೆ ನಾಲ್ಕು ಪುಟ್ಟಿ (ಬುಟ್ಟಿ) ಸವಳು ಮಣ್ಣು, ಅಂದರೆ ಚೌಳು ಮಣ್ಣು, ಹಾಕಿ ತುಳಿದುಬಿಡಿ. ಆ ಮಳೆಗಾಲ ದಾಟುತ್ತದೆ. ಮುಂದಿನ ವರ್ಷ ಪಕ್ಕದಲ್ಲಿ ಸೋರುತ್ತದೆ, ಅಲ್ಲೂ ನಾಲ್ಕು ಪುಟ್ಟಿ. ಹೀಗೆ ಅಜ್ಜನ ಕಾಲದಿಂದ ನಡೆದುಕೊಂಡು ಬಂದರೆ ತಲೆಯ ಮೇಲೆ ಎಷ್ಟು ಮಣ್ಣು ಕೂತಿರುತ್ತದೆ, ಅದನ್ನು ಇಳಿಸುವುದು ಹೇಗೆ, ಇಳಿಸಿದ ಮೇಲೂ ಮನೆಯನ್ನು ಮಣ್ಣಿನ ಮಾಳಿಗೆಯಾಗಿಯೇ ಉಳಿಸಿಕೊಳ್ಳುವುದು ಹೇಗೆ ಅನ್ನುವುದನ್ನು ಬರೆದಿಡುತ್ತಿದ್ದೇನೆ. ಇಂಥ ಮನೆ ಇರುವವರು ಕಲಬುರಗಿ, ಬೀದರ್ ಕಡೆ ಇನ್ನೂ ಬಹಳ ಜನ ಇದ್ದಾರೆ. ಅವರಿಗೆ ಬೇಕಾಗುತ್ತದೆ.

ನಮ್ಮ ಮನೆ ಆಳಂದ ತಾಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರದ ಒಂದು ಊರಲ್ಲಿದೆ. ಗೋಡೆ ಕರಿಕಲ್ಲಿನದು. ಕಲ್ಲಿನ ನಡುವೆ ಸುಣ್ಣವೂ ಇಲ್ಲ, ಸಿಮೆಂಟೂ ಇಲ್ಲ, ಬರೀ ಮಣ್ಣು. ಒಳಗೆ ಜಾಲಿಯ ಕಂಬ, ಕಂಬದ ಮೇಲೆ ತೊಲೆ ಕೂರುವ ಅಡ್ಡ ಕಟ್ಟಿಗೆಯಾದ ಬೋದಿಗೆ, ಬೋದಿಗೆ ಮೇಲೆ ಬೇವಿನ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಕೊನೆಗೆ ಮಣ್ಣು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಆಗಿದ್ದರೆ ಜಂತಿಯ ಮೇಲೆ ಪರ್ಸಿ ಕಲ್ಲು (ಚಪ್ಪಡಿ) ಹಾಸುತ್ತಿದ್ದರು, ಅವರಿಗೆ ಸುಣ್ಣಕಲ್ಲಿನ ಪದರ ಕಾಲ ಕೆಳಗೇ ಸಿಗುತ್ತದೆ. ನಮಗೆ ಸಿಗುವುದು ಕರಿಕಲ್ಲು ಮತ್ತು ತೊಗರಿ ಕಟ್ಟಿಗೆ. ಹೊಲದಲ್ಲಿ ಬೆಳೆದದ್ದೇ ತಲೆಯ ಮೇಲೂ ಇರುತ್ತಿತ್ತು.

ಆರ್‌ಸಿಸಿ ಹಾಕಿಬಿಡಿ ಅಂತ ಊರಲ್ಲಿ ಎಲ್ಲರೂ ಹೇಳಿದರು. ಅವ್ವ ಒಪ್ಪಲಿಲ್ಲ. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಬಿಸಿಲು. ಪಕ್ಕದ ಸ್ಲ್ಯಾಬ್ ಮನೆಯಲ್ಲಿ ರಾತ್ರಿ ಹತ್ತಾದರೂ ಗೋಡೆ ಬಿಸಿ ಕಾರುತ್ತಿರುತ್ತದೆ. ನಮ್ಮ ನಡುಮನೆಯಲ್ಲಿ ಮಧ್ಯಾಹ್ನ ಫ್ಯಾನ್ ಇಲ್ಲದೆ ಮಲಗಬಹುದು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮಣ್ಣಲ್ಲಿ ಕಟ್ಟಿದ ಕಲ್ಲುಗೋಡೆಯ ಮೇಲೆ ಸ್ಲ್ಯಾಬ್ ಹೊರಿಸುವುದು ಸರಿಯಲ್ಲ. ಸ್ಲ್ಯಾಬ್ ಹಾಕಬೇಕಾದರೆ ಗೋಡೆಯನ್ನೂ ಕೆಡವಿ ಹೊಸದಾಗಿ ಕಟ್ಟಬೇಕು. ಅಂದರೆ ಮನೆ ರಿಪೇರಿ ಅಲ್ಲ, ಮನೆಯೇ ಹೋಯಿತು.

ಸೋರುವುದು ಹಳೆಯ ಕಥೆ. ಜಾಸ್ತಿ ಆದದ್ದು 2020ರ ಅಕ್ಟೋಬರಿನಲ್ಲಿ. ಆ ವರ್ಷ ಭೀಮಾ ನದಿ ಉಕ್ಕಿ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ನಮ್ಮೂರು ಹೊಳೆಯಿಂದ ದೂರ, ಆದರೂ ಹಗಲು ರಾತ್ರಿ ಹೊಡೆದ ಮಳೆಗೆ ನಡುಮನೆಯ ಮಾಳಿಗೆ ನೆನೆದು ತೊಲೆ ಕೆಳಗೆ ಜಗ್ಗಿತು. ಅವತ್ತಿನಿಂದ ತೊಲೆಯ ಕೆಳಗೆ ಒಂದು ಬಲ್ಲಿ (ಆಧಾರದ ಗಳ) ಕೊಟ್ಟುಕೊಂಡೇ ದಿನ ಕಳೆದೆವು. ಈ ಬೇಸಿಗೆಯಲ್ಲಿ, ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ ಮುಗಿದ ಮೇಲೆ, ಕೆಲಸಕ್ಕೆ ಕೈ ಹಾಕಿದೆವು. ಮಿರಗದ (ಮೃಗಶಿರಾ) ಮಳೆ ಬರುವುದರೊಳಗೆ ಮಾಳಿಗೆ ಮುಚ್ಚಬೇಕು, ಇದೊಂದೇ ಗಡುವು.

ಅತ್ತಿ ಹೇಳಿದ್ದು

ನಮ್ಮ ಅಪ್ಪನ ಅಕ್ಕ, ನಮ್ಮ ಅತ್ತಿ, ಮಹಾರಾಷ್ಟ್ರದ ಉಮರ್ಗಾ ಕಡೆ ಕೊಟ್ಟ ಹೆಣ್ಣುಮಗಳು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಇನ್ನೂ ನಾಲ್ಕು ಹೊಡೆಯುವ ಮೊದಲು, ಕಿಲ್ಲಾರಿಯ ಭೂಕಂಪ ಆಯಿತು. 6.2 ತೀವ್ರತೆ. ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಲಾತೂರ್, ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಸಾವಿರಾರು ಮಂದಿ ನಿದ್ದೆಯಲ್ಲೇ ಹೋದರು. ನಮ್ಮೂರಲ್ಲೂ ನೆಲ ನಡುಗಿತ್ತು. ನಾನು ಆಗ ಸಣ್ಣವ. ಮುತ್ಯಾ (ಅಜ್ಜ) ನನ್ನನ್ನು ಹೊತ್ತುಕೊಂಡು ಅಂಗಳಕ್ಕೆ ಓಡಿದ್ದು, ಆಮೇಲೆ ಬಹಳ ದಿನ ಊರಿಗೆ ಊರೇ ಕಣದಲ್ಲಿ, ಹೊಲದಲ್ಲಿ ಮಲಗುತ್ತಿದ್ದದ್ದು ನೆನಪಿದೆ. ನಡುಮನೆಯ ಬಡಗಣ ಗೋಡೆಯಲ್ಲಿ ಒಂದು ಬಿರುಕು ಬಿಟ್ಟಿತು. ಅದು ಇವತ್ತಿಗೂ ಇದೆ.

ಅಲ್ಲಿ ಸತ್ತವರಲ್ಲಿ ಬಹಳ ಮಂದಿಯನ್ನು ಕೊಂದದ್ದು ಅವರ ಮನೆಯೇ. ಗೋಡೆ ದಪ್ಪ ಕಲ್ಲಿನದು, ಮಣ್ಣಲ್ಲಿ ಕಟ್ಟಿದ್ದು. ಮೇಲೆ ವರ್ಷ ವರ್ಷ ಪೇರಿಸಿದ ಮಣ್ಣಿನ ಮಾಳಿಗೆ. ನೆಲ ಅಲ್ಲಾಡಿದಾಗ ಮೇಲಿನ ಭಾರ ಎಷ್ಟಿದೆಯೋ ಅಷ್ಟೇ ಜೋರಾಗಿ ಅದು ಗೋಡೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಕಲ್ಲುಗಳು ಒಂದನ್ನೊಂದು ಹಿಡಿದುಕೊಂಡಿಲ್ಲ, ಬಿಚ್ಚಿಕೊಂಡವು. ಕಟ್ಟಿಗೆಯ ಕಂಬ, ತೊಲೆ ಗಟ್ಟಿ ಇದ್ದ ಅಂಕಣಗಳಲ್ಲಿ ಗೋಡೆ ಹೊರಗೆ ಬಿದ್ದರೂ ಮಾಳಿಗೆ ನಿಂತುಕೊಂಡಿತು. ಅತ್ತಿ ಉಳಿದದ್ದು ಹಾಗೆ. ಅವತ್ತು ಪಡಸಾಲೆಯಲ್ಲಿ, ನಾಲ್ಕು ಕಂಬದ ನಡುವೆ ಮಲಗಿದ್ದರು. ಒಳಗಿನ ಕೋಣೆಯಲ್ಲಿ ಮಲಗಿದ್ದ ಅವರ ಅತ್ತೆ ಮಾವ ಉಳಿಯಲಿಲ್ಲ. ಅತ್ತಿ ಇದನ್ನು ನಮ್ಮ ಹತ್ತಿರ ಎಂದೂ ಪೂರ್ತಿ ಹೇಳಿದವರಲ್ಲ. ಮಾಳಿಗೆ ರಿಪೇರಿ ಮಾಡಿಸುತ್ತೇವೆ, ಸವಳು ಮಣ್ಣು ತರಿಸುತ್ತಿದ್ದೇವೆ ಅಂತ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮಾ, ಮಣ್ಣು ಹಾಕಬ್ಯಾಡ. ಮೊದಲ ಇದ್ದದ್ದು ತಗಿ" ಅಂದರು.

ಇಡೀ ಕೆಲಸಕ್ಕೆ ಇದೇ ಮಾತು ದಾರಿ ತೋರಿಸಿತು.

ಎಷ್ಟು ಭಾರ ಇತ್ತು

ಮೊದಲು ಮಾಳಿಗೆಯ ದಪ್ಪ ಅಳೆಯಬೇಕು. ಬೆಳಕಿಂಡಿಯ ಪಕ್ಕದಲ್ಲಿ ಮಣ್ಣು ಸ್ವಲ್ಪ ಕೆರೆದು, ತೆಳುವಾದ ಕಬ್ಬಿಣದ ಸಳಿಯನ್ನು ತೊಗರಿ ಕಟ್ಟಿಗೆ ತಾಗುವ ತನಕ ಇಳಿಸಿ ನೋಡಿದೆವು. ಮಾಳಿಗೆಯ ಅಂಚಿನ ಗಿಡ್ಡ ಗೋಡೆ, ಕುಂಬಿಯ ಹತ್ತಿರ ಒಂದಡಿ ಚಿಲ್ಲರೆ. ನಡುವೆ ಒಂದೂವರೆ ಅಡಿಗಿಂತ ಜಾಸ್ತಿ. ಮೇಲಿನಿಂದ ನೋಡಿದರೆ ಮಾಳಿಗೆ ಸಪಾಟಾಗಿಯೇ ಕಾಣುತ್ತದೆ. ಆದರೆ ಕೆಳಗೆ ತೊಲೆ ಜಗ್ಗಿರುತ್ತದೆ. ತೊಲೆ ಜಗ್ಗಿದ ಕಡೆ ನೀರು ನಿಲ್ಲುತ್ತದೆ, ನೀರು ನಿಂತ ಕಡೆ ಸೋರುತ್ತದೆ, ಸೋರಿದ ಕಡೆ ಮಣ್ಣು ಹಾಕುತ್ತೇವೆ, ಮಣ್ಣಿನ ಭಾರಕ್ಕೆ ತೊಲೆ ಇನ್ನಷ್ಟು ಜಗ್ಗುತ್ತದೆ. ಎಲ್ಲಿ ಭಾರ ಕಡಿಮೆ ಇರಬೇಕೋ ಅಲ್ಲೇ ಜಾಸ್ತಿ ಆಗುತ್ತಾ ಹೋಗುತ್ತದೆ.

ಲೆಕ್ಕ ಕಷ್ಟದ್ದಲ್ಲ. ತುಳಿದು ಗಟ್ಟಿಯಾದ ಮಣ್ಣು ಒಂದು ಘನ ಅಡಿಗೆ 45 ಕೆಜಿ ಆದರೂ ತೂಗುತ್ತದೆ. ನೆನೆದರೆ ಇನ್ನೂ ಜಾಸ್ತಿ. ನಡುಮನೆ ಹತ್ತು ಅಡಿಗೆ ಹನ್ನೆರಡು ಅಡಿ, ಅಂದರೆ 120 ಚದರಡಿ. ಒಂದೂವರೆ ಅಡಿ ದಪ್ಪಕ್ಕೆ 180 ಘನ ಅಡಿ. ಎಂಟು ಟನ್ನಿಗೂ ಮೇಲಾಯಿತು. ಒಂದೇ ಕೋಣೆಯ ಮೇಲೆ, ಅವ್ವ ದಿನಾ ಮಲಗುವ ಜಾಗದ ಮೇಲೆ, ಎಂಟು ಟನ್. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತಮ್ಮನಿಗೆ ತೋರಿಸಿದೆ. ಅವತ್ತೇ ಅವ್ವನ ಹಾಸಿಗೆ ಪಡಸಾಲೆಗೆ ಬಂತು.

ಏಳು ಇಂಚಿಗೆ ಇಳಿಸುವುದು ಅಂತ ತೀರ್ಮಾನ ಮಾಡಿದೆವು. ಆಗ ಅದೇ ಕೋಣೆಯ ಮೇಲೆ ಮೂರು ಟನ್ನಿನ ಆಸುಪಾಸು ಉಳಿಯುತ್ತದೆ, ಐದು ಟನ್ ಇಳಿಯುತ್ತದೆ. ಇನ್ನೂ ತೆಳು ಮಾಡಿದರೆ ಬಿಸಿಲು ಒಳಗೆ ಇಳಿಯುತ್ತದೆ, ಮಣ್ಣಿನ ಮಾಳಿಗೆ ಇಟ್ಟುಕೊಂಡು ಏನು ಬಂತು?

ಇಳಿಸುವ ಕೆಲಸ

ಮಣ್ಣು ಮುಟ್ಟುವ ಮೊದಲು ಕೆಳಗೆ ಆಧಾರ ಕೊಡಬೇಕು. ಕಲಬುರಗಿಯಿಂದ ಬಾಡಿಗೆಗೆ ಕಬ್ಬಿಣದ ಜಾಕ್ ತಂದು ಪ್ರತಿ ತೊಲೆಯ ಕೆಳಗೆ, ಜಗ್ಗಿದ ಜಾಗದ ಎರಡೂ ಪಕ್ಕ ನಿಲ್ಲಿಸಿದೆವು. ನೆಲ ಮಣ್ಣಿನದಾದ್ದರಿಂದ ಜಾಕಿನ ಕೆಳಗೆ ದಪ್ಪ ಹಲಗೆ. ಜಾಕ್ ತಿರುಗಿಸಿ ತೊಲೆಯನ್ನು ಮೇಲೆತ್ತಲು ಹೋಗಬಾರದು, ಸುಮ್ನೆ ತಾಗಿಸಿ ಬಿಡಬೇಕು. ಭಾರ ಇಳಿದ ಹಾಗೆ ತೊಲೆ ತಾನೇ ಸ್ವಲ್ಪ ಮೇಲೇಳುತ್ತದೆ. ಆಗ ಜಾಕನ್ನು ಅಷ್ಟಷ್ಟೇ ಬಿಗಿ ಮಾಡಬೇಕು.

ಊರಿನ ಗೌಂಡಿ ಕಾಕಾ ಈ ಮಾಳಿಗೆಯನ್ನು ಚಿಕ್ಕಂದಿನಿಂದ ಕಂಡವರು. ಮುತ್ಯಾನ ಜೊತೆ ಇದೇ ಮಾಳಿಗೆಗೆ ಮಣ್ಣು ಹೊತ್ತವರು. ಅವರು ಹೇಳಿದ ಕ್ರಮ ಇದು: ನಡುವಿನಿಂದ ಶುರು ಮಾಡಿ ಎರಡೂ ಕಡೆ ಸಮವಾಗಿ ತೆಗೆಯುತ್ತಾ ಬರಬೇಕು. ತೆಗೆದ ಮಣ್ಣನ್ನು ಮಾಳಿಗೆಯ ಮೇಲೆ ಇನ್ನೊಂದು ಕಡೆ ಗುಡ್ಡೆ ಹಾಕಬಾರದು, ಒಂದು ಪುಟ್ಟಿ ಆದರೂ ಕೆಳಗೆ ಹೋಗಬೇಕು. ಗುದ್ದಲಿಯಿಂದ ಹೊಡೆಯಬಾರದು, ಹೊಡೆತಕ್ಕೆ ಗೋಡೆ ಅದುರುತ್ತದೆ. ಹಿಂದಿನ ಸಂಜೆ ಸ್ವಲ್ಪ ನೀರು ಚಿಮುಕಿಸಿಟ್ಟರೆ ಬೆಳಿಗ್ಗೆ ಸಲಿಕೆಗೆ ಮಣ್ಣು ಸಲೀಸಾಗಿ ಬರುತ್ತದೆ, ಧೂಳೂ ಏಳುವುದಿಲ್ಲ. ಕುಂಬಿಯಿಂದ ಅಂಗಳಕ್ಕೆ ತಗಡಿನ ಜಾರು ಕಟ್ಟಿದೆವು, ಮಣ್ಣು ಅದರ ಮೇಲಿಂದ ಜಾರಿ ನೇರ ಟ್ರ್ಯಾಕ್ಟರಿಗೆ ಬೀಳುತ್ತಿತ್ತು. ಬಿಸಿಲೇರುವ ಮೊದಲು ಕೆಲಸ, ಹತ್ತೂವರೆಗೆ ಎಲ್ಲರೂ ಕೆಳಗೆ.

ಮಣ್ಣು ಪದರ ಪದರವಾಗಿತ್ತು, ಬುಟ್ಟಿಯಲ್ಲಿ ರೊಟ್ಟಿ ಪೇರಿಸಿಟ್ಟ ಹಾಗೆ. ಸಲಿಕೆಯಿಂದ ನೆಟ್ಟಗೆ ಕತ್ತರಿಸಿದ ಕಡೆ ಬೂದು ಬಣ್ಣದ ಸವಳು, ಅದರ ಕೆಳಗೆ ಒಣಗಿದ ಹುಲ್ಲಿನ ಸಣ್ಣ ಗೆರೆ, ಮತ್ತೆ ಸವಳು, ಮತ್ತೆ ಗೆರೆ. ಆ ಗೆರೆ ಅಂದರೆ ಒಂದು ಮಳೆಗಾಲ. ಶ್ರಾವಣದಲ್ಲಿ ಮಾಳಿಗೆಯ ಮೇಲೆ ಬೆಳೆದ ತುಂಬೆ, ಕರಿಕೆ ಬೇಸಿಗೆಗೆ ಒಣಗಿ ಬಿದ್ದದ್ದರ ಮೇಲೆ ಮುತ್ಯಾ ಹೊಸ ಮಣ್ಣು ಹರವಿದ್ದು. ಕೆಲವು ಪದರ ಬೆರಳಷ್ಟು, ಕೆಲವು ಗೇಣಿಗೆ ಹತ್ತಿರ. ದಪ್ಪ ಪದರ ಹಾಕಿದ ವರ್ಷ ಮನೆಯಲ್ಲಿ ಕೈ ತುಂಬಾ ಆಳುಗಳಿದ್ದಿರಬೇಕು, ಅಥವಾ ಹಿಂದಿನ ವರ್ಷ ಜೋರು ಮಳೆ ಹೊಡೆದಿರಬೇಕು.

ಒಂದು ಪದರದಲ್ಲಿ ಬಳೆಯ ಚೂರು ಸಿಕ್ಕಿತು, ಹಸಿರು ಗಾಜಿನದು. ಶಾವಿಗೆ ಒಣಗಿಸಲು ಆಯಿ (ಅಜ್ಜಿ), ಅವ್ವ, ಪಕ್ಕದ ಮನೆಯ ಹೆಂಗಸರು ಎಲ್ಲಾ ಮೇಲೆ ಹತ್ತುತ್ತಿದ್ದರು. ನಿಚ್ಚಣಿಕೆಯಲ್ಲಿ ಒಬ್ಬರು ಪಾತ್ರೆ ಕೊಟ್ಟರೆ ಮೇಲೆ ಇನ್ನೊಬ್ಬರು ಹಿಡಿಯುತ್ತಿದ್ದರು. ಇನ್ನೊಂದು ಪದರದಲ್ಲಿ ಹೂವಿನಂಚಿನ ಹತ್ತು ಪೈಸೆ, 1978 ಅಂತ ಅಚ್ಚು ಇನ್ನೂ ಓದಲು ಬರುತ್ತಿತ್ತು. ಅದನ್ನು ನೋಡಿದ ಕೂಡಲೇ ಗೌಂಡಿ ಕಾಕಾ, "ಇದರ ಮ್ಯಾಲಿಂದೆಲ್ಲಾ ನಾ ಹೊತ್ತದ್ದು, ಕೆಳಗಿಂದು ನಮ್ಮಪ್ಪ ಹೊತ್ತದ್ದು" ಅಂದರು. ಲೆಕ್ಕ ಹಾಕಿ ಹೇಳಿದ್ದಲ್ಲ, ಆದರೂ ಸರಿಯಾಗಿಯೇ ಇರುತ್ತದೆ ಅನ್ನಿಸಿತು.

ಆ ಪದರಗಳನ್ನು ಕಡಿದು ಕೆಳಗೆ ಹಾಕುವುದು ನನಗೆ ಸುಲಭವಾಗಲಿಲ್ಲ. ಮುತ್ಯಾ ವರ್ಷಕ್ಕೊಮ್ಮೆ ಯಾವ ಕೆಲಸ ಬಿಟ್ಟರೂ ಮಾಳಿಗೆಗೆ ಮಣ್ಣು ಹಾಕುವುದು ಬಿಡುತ್ತಿರಲಿಲ್ಲ. ಹಳ್ಳದ ದಂಡೆಯ ಸವಳು ಜಾಗದಿಂದ ಎತ್ತಿನ ಗಾಡಿಯಲ್ಲಿ ತರುತ್ತಿದ್ದರು. ಅವರು ಮನೆ ಕಾಪಾಡಿದ್ದೇ ಈ ಮಣ್ಣಿನಿಂದ. ಅದೇ ಮಣ್ಣು ಮನೆಗೆ ಅಪಾಯವಾಯಿತು ಅನ್ನುವುದೂ ನಿಜ. ಎರಡೂ ನಿಜ. ಕಿಲ್ಲಾರಿಯ ವರ್ಷದ ಮುಂದಿನ ಬೇಸಿಗೆಯಲ್ಲೂ ಅವರು ಮಣ್ಣು ಹಾಕಿದ್ದರು ಅಂತ ಅವ್ವ ಹೇಳುತ್ತಾಳೆ. ಹೆದರಿಕೆ ಇರಲಿಲ್ಲ ಅಂತಲ್ಲ, ಮಳೆ ಅಂತೂ ಪ್ರತಿ ವರ್ಷ ಬರುತ್ತದಲ್ಲ.

ಇಳಿಸಿದ ಮಣ್ಣನ್ನು ಹೊಲಕ್ಕೆ ಹಾಕಲಿಲ್ಲ. ಸವಳು ಮಣ್ಣು ಹೊಲಕ್ಕೆ ಬಿದ್ದರೆ ಬೆಳೆ ಬರುವುದಿಲ್ಲ. ಒಳ್ಳೆಯ ಸವಳನ್ನು ಮತ್ತೆ ಬಳಸಲು ಒಂದು ಕಡೆ ಕೂಡಿಟ್ಟೆವು, ಉಳಿದದ್ದರಿಂದ ಅಂಗಳದ ತಗ್ಗು ತುಂಬಿಸಿ ಮನೆ ಮುಂದಿನ ಕಟ್ಟೆ ಎತ್ತರಿಸಿದೆವು. ಹೀಗಾಗಿ ಹೊಸ ಮಣ್ಣು ಅಗೆಯುವ ಪ್ರಮೇಯವೇ ಬರಲಿಲ್ಲ. ಕೆಲವರು ಹಾಳೂರಿನ ದಿಬ್ಬದಿಂದ ಬೂದಿ ಬೆರೆತ ಮಣ್ಣು ತರುತ್ತಾರೆ, ಮಾಳಿಗೆಗೆ ಅದು ಒಳ್ಳೆಯದು ಅಂತ. ದಯವಿಟ್ಟು ಅದನ್ನು ಮುಟ್ಟಬೇಡಿ. ಭೀಮೆಯ ದಂಡೆಯಲ್ಲಿ ಸನ್ನತಿಯ ಪಕ್ಕ ಕನಗನಹಳ್ಳಿಯಲ್ಲಿ ಮಣ್ಣಿನ ಅಡಿಯಿಂದಲೇ ಬೌದ್ಧ ಸ್ತೂಪ ಎದ್ದು ಬಂದದ್ದು, ಅಶೋಕನ ಹೆಸರು ಕೊರೆದ ಶಿಲ್ಪ ಸಿಕ್ಕಿದ್ದು. ನಮ್ಮೂರ ದಿಬ್ಬದ ಕೆಳಗೆ ಏನಿದೆಯೋ ಯಾರು ಕಂಡರು?

ಗುಬ್ಬಿಯ ಗೂಡು

ಮೂಡಣ ಗೋಡೆಯ ಕಡೆ ಜಂತಿಯ ತುದಿ ಮತ್ತು ಗೋಡೆಯ ನಡುವಿನ ಸಂದಿನಲ್ಲಿ ಗುಬ್ಬಿ ಗೂಡು ಕಟ್ಟಿತ್ತು, ಮರಿಗಳಿದ್ದವು. ಆ ಮೂಲೆಯ ಮಣ್ಣನ್ನು ಹಾಗೇ ಬಿಟ್ಟು ಬೇರೆ ಕಡೆ ಕೆಲಸ ಮಾಡಿದೆವು. ತಾಯಿ ಗುಬ್ಬಿ ಸಲಿಕೆಯ ಸದ್ದಿಗೆ ಹೆದರಲಿಲ್ಲ, ಹುಳ ಕಚ್ಚಿಕೊಂಡು ನಮ್ಮ ತಲೆಯ ಮೇಲಿಂದಲೇ ಹೋಗಿ ಬರುತ್ತಿತ್ತು. ಮರಿಗಳು ಹಾರಿದ ಮೇಲೆ ಆ ಜಂತಿ ತೆಗೆದೆವು. ಮಾಳಿಗೆ ಮನೆಗಳು ಹೋದ ಓಣಿಗಳಲ್ಲಿ ಗುಬ್ಬಿ ಕಡಿಮೆಯಾಗಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಸ್ಲ್ಯಾಬಿನಲ್ಲಿ ಅದಕ್ಕೆ ಸಂದಿ ಎಲ್ಲಿದೆ? ಹೊಸ ಜಂತಿ ಕೂಡಿಸುವಾಗ ಆ ಗೋಡೆಯಲ್ಲಿ ಬೇಕೆಂದೇ ಮೂರು ಸಂದು ಬಿಟ್ಟಿದ್ದೇವೆ, ಒಳಗಿನಿಂದ ಹಲಗೆ ಮುಚ್ಚಿ, ಹೊರಗಿನಿಂದ ತೆರೆದು.

ಕಟ್ಟಿಗೆ, ಗೋಡೆ

ಮಣ್ಣು ಇಳಿದ ಮೇಲೆ ತೊಗರಿ ಕಟ್ಟಿಗೆ ತೆಗೆದೆವು. ಮೇಲಿನದು ಪುಡಿ ಪುಡಿ, ಕೆಳಗಿನದು ಹೊಗೆ ತಾಗಿ ಕಪ್ಪಗಾಗಿ ಇನ್ನೂ ಗಟ್ಟಿ ಇತ್ತು. ಒಲೆಯ ಹೊಗೆ ಮಾಳಿಗೆಗೆ ಒಳ್ಳೆಯದು ಅಂತ ಆಯಿ ಹೇಳುತ್ತಿದ್ದದ್ದು ಇದಕ್ಕೇ. ಹೊಗೆ ಹಿಡಿದ ಕಟ್ಟಿಗೆಗೆ ಹುಳ ಬೇಗ ಬರುವುದಿಲ್ಲ. ಗ್ಯಾಸ್ ಬಂದ ಮೇಲೆ ಆ ಹೊಗೆ ನಿಂತಿತು, ಅವ್ವನ ಕಣ್ಣು, ಎದೆ ಉಳಿಯಿತು, ಗೆದ್ದಲು ಬಂತು.

ಜಂತಿಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಬಡಿದು ನೋಡಬೇಕು. ಗಟ್ಟಿ ಇದ್ದರೆ ಖಣ್ ಅನ್ನುತ್ತದೆ, ಒಳಗೆ ತಿಂದಿದ್ದರೆ ಡಬ್ ಅನ್ನುತ್ತದೆ. ಬಡಿಗೇರ ಅಣ್ಣಾ ಕಣ್ಣು ಮುಚ್ಚಿ ಕೇಳಿಯೇ ಬೇರೆ ಮಾಡಿದರು. ತೊಲೆ ನಡುವೆ ಚೆನ್ನಾಗಿತ್ತು, ಕೊಳೆತದ್ದು ತುದಿಯಲ್ಲಿ, ಗೋಡೆಯೊಳಗೆ ಹೂತ ಜಾಗದಲ್ಲಿ. ಬಹಳ ಮಾಳಿಗೆ ಮನೆಗಳಲ್ಲಿ ಇಲ್ಲೇ ಹೋಗುವುದು. ಗೋಡೆಯ ತೇವ ತುದಿಗೆ ಏರುತ್ತದೆ, ಗಾಳಿ ಆಡುವುದಿಲ್ಲ, ಕೊಳೆಯುತ್ತದೆ. ಇಡೀ ತೊಲೆ ಬದಲಿಸುವುದು ಬೇಡ ಅಂದೆವು, ಅಂಥ ಬೇವಿನ ಮರ ಈಗ ಕಡಿಯಲೂ ಮನಸ್ಸಿಲ್ಲ. ಕೊಳೆತಷ್ಟು ಕತ್ತರಿಸಿ, ಗೋಡೆಗೆ ಒತ್ತಿ ಒಳಗಡೆ ಒಂದು ಹೊಸ ಜಾಲಿ ಕಂಬ ನಿಲ್ಲಿಸಿ, ಅದರ ಬೋದಿಗೆಯ ಮೇಲೆ ತೊಲೆಯ ತುದಿ ಕೂಡಿಸಿದೆವು. ಕಂಬದ ಕೆಳಗೆ ಅಡಿಗಲ್ಲು, ಇಲ್ಲದಿದ್ದರೆ ನೆಲದ ತೇವಕ್ಕೆ ಕಂಬವೂ ಹೋಗುತ್ತದೆ. ಇದರಿಂದ ಇನ್ನೊಂದು ಅನುಕೂಲ: ಈಗ ಮಾಳಿಗೆಯ ಭಾರ ಗೋಡೆಯ ಮೇಲಿಲ್ಲ, ಕಂಬದ ಮೇಲಿದೆ. ಅತ್ತಿಯನ್ನು ಉಳಿಸಿದ ಪಡಸಾಲೆ ಹೀಗೇ ಇದ್ದದ್ದು.

ಕಂಬ ನೆಟ್ಟಗೆ ನಿಂತರೆ ಸಾಲದು, ಪಕ್ಕಕ್ಕೆ ವಾಲಬಾರದು. ಅದಕ್ಕೆ ಕಂಬಕ್ಕೂ ತೊಲೆಗೂ ನಡುವೆ ಎರಡೂ ಕಡೆ ಓರೆಯಾಗಿ ಗಿಡ್ಡ ಕಟ್ಟಿಗೆ ಕೊಟ್ಟು ಬೋಲ್ಟ್ ಹಾಕಿದೆವು. ತಲೆಗೆ ತಾಗುತ್ತದೆ ಅಂತ ಅವ್ವ ಗೊಣಗಿದಳು, ಒಂದು ಕಡೆ ಸ್ವಲ್ಪ ಮೇಲೆ ಸರಿಸಿದೆವು. ಕಂಬ, ಬೋದಿಗೆ, ತೊಲೆ ಕೂಡುವ ಕಡೆ ಕಬ್ಬಿಣದ ಪಟ್ಟಿ. ಹಳೆಯ ಮನೆಗಳಲ್ಲಿ ಬೋದಿಗೆಯ ಮೇಲೆ ತೊಲೆ ಬರೀ ಭಾರದಿಂದ ಕೂತಿರುತ್ತದೆ. ಭಾರ ಕಡಿಮೆ ಮಾಡಿದ ಮೇಲೆ ಅದನ್ನು ಕಟ್ಟಿಡುವುದು ಇನ್ನೂ ಮುಖ್ಯ.

ಇನ್ನು ಗೋಡೆ. ಎರಡು ಅಡಿ ದಪ್ಪದ ಕಲ್ಲುಗೋಡೆ ಅಂದರೆ ನಿಜವಾಗಿ ಎರಡು ತೆಳು ಗೋಡೆಗಳು. ಹೊರಗಿನ ಮುಖ ಒಂದು, ಒಳಗಿನ ಮುಖ ಒಂದು, ನಡುವೆ ಚೂರುಗಲ್ಲು, ಮಣ್ಣು. ಎರಡೂ ಮುಖಗಳನ್ನು ಹಿಡಿಯುವ ಉದ್ದ ಕಲ್ಲು ಅಲ್ಲಲ್ಲಿ ಇರಬೇಕು. ಅದಿಲ್ಲದಿದ್ದರೆ ನೆಲ ನಡುಗಿದಾಗ ಹೊರಮುಖ ಹೊರಗೆ, ಒಳಮುಖ ಮಲಗಿದವರ ಮೇಲೆ. 1993ರಲ್ಲೇ ಬಂದ ಐಎಸ್ 13828 ಅನ್ನುವ ಭಾರತೀಯ ಮಾನಕದಲ್ಲಿ ಇಂಥ ಗೋಡೆಗಳ ವಿಷಯ ಇದೆ. ಎತ್ತರದಲ್ಲಿ 60 ಸೆಂಟಿಮೀಟರಿಗೊಂದು, ಅಡ್ಡಲಾಗಿ 1.2 ಮೀಟರ್ ಮೀರದಂತೆ ಒಂದು ಉದ್ದ ಕಲ್ಲು ಇರಬೇಕು ಅನ್ನುತ್ತದೆ. ನಮ್ಮ ಗೋಡೆಯಲ್ಲಿ ಹುಡುಕಿದರೆ ಬಾಗಿಲ ಪಕ್ಕ ಬಿಟ್ಟು ಎಲ್ಲೂ ಇರಲಿಲ್ಲ.

ಕಟ್ಟಿದ ಗೋಡೆಗೆ ಈಗ ಉದ್ದ ಕಲ್ಲು ಸೇರಿಸಲು ಬರುವುದಿಲ್ಲ. ಅದಕ್ಕೊಂದು ದಾರಿ ಇದೆ. ಹೊರಗಿನಿಂದ ಒಂದು ಕಲ್ಲನ್ನು ಮೆಲ್ಲಗೆ ಅಲ್ಲಾಡಿಸಿ ತೆಗೆಯಬೇಕು, ನಡುವಿನ ಮಣ್ಣು ಕೈಯಿಂದ ಕೆದರಿ, ಎದುರಿನ ಒಳಗಲ್ಲನ್ನೂ ತೆಗೆಯಬೇಕು. ಆ ತೂತಿನಲ್ಲಿ ಎರಡೂ ತುದಿ ಕೊಕ್ಕೆಯಾಗಿ ಬಗ್ಗಿಸಿದ 8 ಎಂಎಂ ಸಳಿ ಇಟ್ಟು ಕಾಂಕ್ರೀಟ್ ತುಂಬಬೇಕು. ಮುಖದ ಕಡೆ ಅಗಲ, ನಡುವೆ ಸಣ್ಣ, ಹಾಗಾದರೆ ಎರಡೂ ಕಡೆ ಹಿಡಿದುಕೊಳ್ಳುತ್ತದೆ. ಅಕ್ಕಪಕ್ಕದ ಎರಡು ತೂತು ಒಟ್ಟಿಗೆ ತೆಗೆಯಬಾರದು. ಒಂದು ತುಂಬಿ ಗಟ್ಟಿಯಾದ ಮೇಲೆ ಇನ್ನೊಂದು. ಗೋಣಿಚೀಲ ಹಾಕಿ ನೀರು ಹಾಕುತ್ತಾ ಇರಬೇಕು. ಹೊರಗಡೆ ಕಾಂಕ್ರೀಟಿನ ಮುಖದ ಮೇಲೆ ತೆಗೆದ ಕಲ್ಲಿನ ಚಕ್ಕೆಯನ್ನೇ ಅಂಟಿಸಿದರೆ ಗೋಡೆ ವಿಕಾರ ಕಾಣುವುದಿಲ್ಲ. ಬಿರುಕು ಬಿಟ್ಟ ಬಡಗಣ ಗೋಡೆ ಮೊದಲು ಮುಗಿಸಿದೆವು. ಬಿರುಕಿಗೆ ಸುಣ್ಣದ ಗಾರೆ ತುಂಬಿದೆವು.

ಮತ್ತೆ ಮುಚ್ಚುವುದು

ಗೌಂಡಿ ಕಾಕಾ ಈ ಸಲ ಪರ್ಸಿ ಹಾಸೋಣ, ಗೆದ್ದಲಿನ ಕಾಟ ಇರುವುದಿಲ್ಲ ಅಂದರು. ಮಾತು ಸರಿ. ಆದರೆ ಒಂದಿಂಚಿನ ಪರ್ಸಿ ಚದರಡಿಗೆ ಆರು ಕೆಜಿ ಆಗುತ್ತದೆ, ನಡುಮನೆಗೇ ಏಳು ಕ್ವಿಂಟಾಲ್ ಮೇಲೆ. ಇಳಿಸಿದ ಭಾರವನ್ನು ಬೇರೆ ರೂಪದಲ್ಲಿ ಏರಿಸುವುದು ಬೇಡ ಅನ್ನಿಸಿತು. ಮನೆಯ ಹೊಲದ ತೊಗರಿ ಕಟ್ಟಿಗೆಯೇ ಹಾಕಿದೆವು. ರಾಶಿ ಮುಗಿದ ಮೇಲೆ ಕೊಂಬೆ ಸವರಿ, ದಪ್ಪನೆಯ ನೆಟ್ಟಗಿನವನ್ನು ಆರಿಸಿ ಒಣಗಿಸಿಟ್ಟಿದ್ದೆವು. ಒತ್ತಾಗಿ ಹಾಸಿ ಹುರಿಯಿಂದ ಜಂತಿಗೆ ಕಟ್ಟಿದೆವು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ್ದು ಬೇಳೆಗೆ, ನನಗೆ ಆ ಕಟ್ಟಿಗೆಯ ಮೇಲೂ ಅಷ್ಟೇ ಅಭಿಮಾನ. ಅದರ ಮೇಲೆ ಒಂದು ಗೇಣು ಬೇವಿನ ಸೊಪ್ಪು, ಲಕ್ಕಿ ಸೊಪ್ಪು. ಮಣ್ಣು ಬಿದ್ದ ಮೇಲೆ ಅದು ಬೆರಳಷ್ಟಾಗಿ ಕೂರುತ್ತದೆ.

ಮಣ್ಣು ಎರಡು ಬಗೆ ಬೇಕು. ಕೆಳಗಿನ ನಾಲ್ಕು ಇಂಚಿಗೆ ಸಾದಾ ಮಣ್ಣು, ಜೋಳದ ಹೊಟ್ಟು, ಸೆಗಣಿ ಬೆರೆಸಿ ತುಳಿದು, ಒಂದು ವಾರ ಕೊಳೆಯಲು ಬಿಟ್ಟದ್ದು. ದಿನಾ ತುಳಿದು ತಿರುವಬೇಕು. ಹುಳಿ ವಾಸನೆ ಬಂದು ಕೈಗೆ ಜಿಗುಟಾದರೆ ತಯಾರು. ಎರೆಮಣ್ಣು ಮಾತ್ರ ಬೇಡ. ನಮ್ಮ ಹೊಲದ ಎರೆ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಾಳಿಗೆಯ ಮೇಲೂ ಅದೇ ಮಾಡುತ್ತದೆ, ಮೊದಲ ಮಳೆ ನೇರ ಒಳಗೆ.

ಮೇಲಿನ ಮೂರು ಇಂಚಿಗೆ ಸವಳು. ಸವಳಿನಲ್ಲಿ ಸೋಡಿಯಂ ಜಾಸ್ತಿ. ನೀರು ಬಿದ್ದ ಕೂಡಲೇ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ಸಣ್ಣ ತೂತುಗಳನ್ನೆಲ್ಲಾ ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಳಿಯದೆ ಬೆಳೆ ಸಾಯುವುದು ಇದರಿಂದಲೇ, ಮಾಳಿಗೆಯಲ್ಲಿ ನೀರು ಇಳಿಯದೆ ಮನೆ ಉಳಿಯುವುದೂ ಇದರಿಂದಲೇ. ಪರೀಕ್ಷೆ ಸುಲಭ. ಗ್ಲಾಸಿನಲ್ಲಿ ಶುದ್ಧ ನೀರು ಹಾಕಿ, ಒಣ ಹೆಂಟೆಯ ಒಂದು ಚೂರು ಅಲ್ಲಾಡಿಸದೆ ಬಿಡಿ. ಅದರ ಸುತ್ತ ಹಾಲಿನಂತೆ ಮಸುಕು ಹರಡಿ ಬಹಳ ಹೊತ್ತು ಇಳಿಯದಿದ್ದರೆ ಒಳ್ಳೆಯ ಸವಳು. ಫಿಲ್ಟರ್ ನೀರು ಅಥವಾ ಮಳೆ ನೀರು ಬಳಸಿ. ನಮ್ಮ ಬೋರಿನ ಗಡಸು ನೀರಲ್ಲಿ ಕ್ಯಾಲ್ಸಿಯಂ ಇರುವುದರಿಂದ ಮಸುಕು ಏಳದೆ ಮೋಸವಾಗುತ್ತದೆ. ಮುತ್ಯಾ ನಾಲಿಗೆಗೆ ಹಚ್ಚಿ ನೋಡುತ್ತಿದ್ದರು.

ಎರಡೂ ಪದರಗಳ ನಡುವೆ ಕೃಷಿ ಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿದೆವು. ಇದು ಹಳೆಯ ಪದ್ಧತಿ ಅಲ್ಲ, ನನಗೂ ಪೂರ್ತಿ ಸಮಾಧಾನ ಇಲ್ಲ. ಆದರೆ ತೆಳು ಮಾಳಿಗೆಗೆ ಒಂದು ಭರವಸೆ ಬೇಕು, ಇಲ್ಲದಿದ್ದರೆ ಮುಂದಿನವರು ಹೆದರಿ ಮತ್ತೆ ಮಣ್ಣು ಹೇರುತ್ತಾರೆ. ಹಾಳೆಯನ್ನು ನೇರ ಕಟ್ಟಿಗೆಯ ಮೇಲೆ ಹಾಕಬಾರದು, ಒಳಗಿನ ಆವಿ ಅದರ ಅಡಿ ಹನಿಯಾಗಿ ಕಟ್ಟಿಗೆ ಕೊಳೆಯುತ್ತದೆ. ನಡುವೆ ನಾಲ್ಕು ಇಂಚು ಮಣ್ಣು ಇದ್ದರೆ ಅದು ತೇವ ಹೀರಿಕೊಂಡು ಬಿಡುತ್ತದೆ. ಹಾಳೆಯ ಕೆಳಗಿನ ಪದರದಲ್ಲೇ ಇಳಿಜಾರು ಕೊಡಬೇಕು. ಹತ್ತು ಅಡಿಗೆ ನಾಲ್ಕು ಇಂಚು ಕೊಟ್ಟಿದ್ದೇವೆ, ನೀರು ತುಂಬಿದ ಪೈಪಿನಿಂದ ಮಟ್ಟ ನೋಡಿ. ಇದಕ್ಕಿಂತ ಜಾಸ್ತಿ ಕೊಟ್ಟರೆ ಮಳೆ ಸವಳನ್ನೇ ಕೊಚ್ಚಿಕೊಂಡು ಹೋಗುತ್ತದೆ.

ದಿಮ್ಮಸಿನಿಂದ ಮೆಲ್ಲಗೆ ಬಡಿದು, ಒಣ ಸವಳು ಉದುರಿಸಿ, ನೀರು ಚಿಮುಕಿಸಿ ಪೊರಕೆಯಿಂದ ಎಳೆದರೆ ಮೇಲ್ಮೈ ಕೂರುತ್ತದೆ. ನೀರು ಹೊರಗೆ ಬೀಳುವ ಕಲ್ಲಿನ ದೋಣಿ ಮೊದಲು ಗೋಡೆಯಿಂದ ಗೇಣು ಮಾತ್ರ ಮುಂದೆ ಇತ್ತು, ಗಾಳಿ ಬೀಸಿದರೆ ನೀರು ಗೋಡೆಗೇ ಬಡಿಯುತ್ತಿತ್ತು. ಅದನ್ನು ಒಂದೂವರೆ ಅಡಿಗೆ ಉದ್ದ ಮಾಡಿಸಿ, ಬೀಳುವ ಕಡೆ ಪರ್ಸಿ ಹಾಸಿದೆವು. ಗೋಡೆಯ ಬುಡ ಒಣಗಿದ್ದರೆ ಅರ್ಧ ಮನೆ ಉಳಿದ ಹಾಗೆ.

ಮಿರಗದ ಮಳೆ ಈ ಸಲ ತಡವಾಗಿಯೇ ಬಂತು, ಬಂದದ್ದು ಜೋರಾಗಿಯೇ ಬಂತು. ಬೆಳಕಿಂಡಿಯ ಚೌಕಟ್ಟಿನ ಒಂದು ಮೂಲೆಯಲ್ಲಿ ತೇವ ಕಾಣಿಸಿತು, ಅಲ್ಲಿ ಕಟ್ಟಿಗೆಯೂ ಮಣ್ಣೂ ಬೇರೆ ಬೇರೆಯಾಗಿ ಹಿಗ್ಗುವುದರಿಂದ ಸಂದಿ ಬಿಡುತ್ತದೆ. ಸುಣ್ಣ, ಬೆಲ್ಲದ ನೀರು, ಸಣ್ಣ ಮರಳಿನ ಗಾರೆ ಹಚ್ಚಿದ ಮೇಲೆ ನಿಂತಿದೆ. ಬೇರೆಲ್ಲೂ ಸೋರಿಲ್ಲ. ಜಾಕ್ ತೆಗೆದಿದ್ದೇವೆ. ತೊಲೆ ಪೂರ್ತಿ ನೆಟ್ಟಗಾಗಿಲ್ಲ, ಹಳೆಯ ಬಾಗು ಉಳಿದಿದೆ, ಆದರೆ ಮುಂದಕ್ಕೆ ಜಗ್ಗಿಲ್ಲ. ತೊಲೆಯ ನಡುವೆ ಒಂದು ಮೊಳೆಗೆ ದಾರ, ದಾರಕ್ಕೆ ಗುಂಡು ಕಟ್ಟಿ ನೆಲದ ಕಲ್ಲಿನಿಂದ ಎಷ್ಟು ಎತ್ತರ ಇದೆ ಅಂತ ಅಮಾವಾಸ್ಯೆಗೊಮ್ಮೆ ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ.

ಮುಂದಿನ ವರ್ಷಗಳಿಗೆ ಒಂದು ಏರ್ಪಾಡು ಮಾಡಿದ್ದೇವೆ. ಕುಂಬಿಯ ಒಳಗಡೆ ನಾಲ್ಕೂ ಮೂಲೆಯಲ್ಲಿ ಕಲ್ಲಿನ ಮೇಲೆ ಗೆರೆ ಕೊರೆಸಿದೆ. ಮಣ್ಣು ಆ ಗೆರೆ ದಾಟಬಾರದು. ಬೇಸಿಗೆಯಲ್ಲಿ ಹೊಸ ಸವಳು ಹಾಕುವ ಮೊದಲು ಹಳೆಯದನ್ನು ಅಷ್ಟೇ ಕೆರೆದು ಇಳಿಸಬೇಕು. ಶ್ರಾವಣದಲ್ಲಿ ಹುಲ್ಲು ಮೊಳಕೆಯಲ್ಲೇ ಕಿತ್ತು ಆ ಜಾಗ ಅದುಮಬೇಕು, ಕರಿಕೆಯ ಬೇರು ಇಳಿದ ದಾರಿಯಲ್ಲೇ ನೀರೂ ಇಳಿಯುತ್ತದೆ. ಈ ಕೆಲಸ ತಮ್ಮನ ಮಗ ವಹಿಸಿಕೊಂಡಿದ್ದಾನೆ, ಮಾಳಿಗೆ ಹತ್ತಲು ಅವನಿಗೆ ಕಾರಣ ಸಿಕ್ಕರೆ ಸಾಕು. ಅತ್ತಿಗೆ ವಿಡಿಯೊ ಕರೆಯಲ್ಲಿ ಎಲ್ಲಾ ತೋರಿಸಿದೆವು. ಕಂಬಕ್ಕೆ ಕೊಟ್ಟ ಓರೆ ಕಟ್ಟಿಗೆಯನ್ನು ಹತ್ತಿರದಿಂದ ತೋರಿಸು ಅಂತ ಎರಡು ಸಲ ಕೇಳಿದರು. ಆಮೇಲೆ, "ಅಡಗಿಮನಿ ಯಾವಾಗ ಮಾಡ್ತೀರಿ?" ಅಂದರು.

ಅಡುಗೆಮನೆಯ ಮಾಳಿಗೆ, ದನದ ಕೊಟ್ಟಿಗೆ, ಪಡುವಣ ಗೋಡೆಯ ಸಳಿಗಳು ಇನ್ನೂ ಬಾಕಿ ಇವೆ. ತೊಗರಿ ರಾಶಿ ಮುಗಿದ ಮೇಲೆ ಕಟ್ಟಿಗೆ ಆರಿಸಿಡಬೇಕು, ಬಡಿಗೇರ ಅಣ್ಣಾನಿಗೆ ಈಗಲೇ ಹೇಳಿಟ್ಟಿದ್ದೇವೆ, ಜಾಕ್ ಬಾಡಿಗೆಗೂ ಮಾತಾಗಿದೆ. ಅಡುಗೆಮನೆಯ ದಪ್ಪ ಸಳಿ ಇಳಿಸಿ ನೋಡಿದೆವು: ನಡುವೆ ಒಂದೂ ಮುಕ್ಕಾಲು ಅಡಿ. ಅಲ್ಲಿಯವರೆಗೆ ಒಲೆಯ ಪಕ್ಕದ ತೊಲೆಗೆ ಎರಡು ಬಲ್ಲಿ ಕೊಟ್ಟಿದ್ದೇವೆ, ರಾತ್ರಿ ಅಲ್ಲಿ ಯಾರೂ ಮಲಗುವುದಿಲ್ಲ.